ಅನುಕಂಪಕ್ಕೂ ಪರೀಕ್ಷೆ ಬೇಕು

ಮೇಲಿಂದ ಮೇಲೆ ಗರ್ಭ ನಿಲ್ಲದೆ ಹೋದ ತಾಯಿಯ ಮುಂದೆ ಕುಳಿತಾಗ ನಮಗೆ ಮಾತೇ ಹೊರಡುವುದಿಲ್ಲ. 'ಏನಾದರೂ ಮಾಡಬೇಕಲ್ಲ' ಎಂಬ ತವಕವೊಂದೇ ಉಳಿಯುತ್ತದೆ. ವೈದ್ಯರನ್ನೂ ಕಾಡಿದ್ದು ಅದೇ ತವಕ. ಅದು ಎಲ್ಲಿಗೆ ಕೊಂಡೊಯ್ದೀತು ಎಂಬುದಕ್ಕೆ ಒಂದು ಔಷಧದ ಚರಿತ್ರೆಯೇ ಸಾಕ್ಷಿ.

1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ಸ್ತ್ರೀ ಹಾರ್ಮೋನಿನಂತೆ ವರ್ತಿಸುವ ಕೃತಕ ವಸ್ತುವೊಂದನ್ನು ತಯಾರಿಸಿದರು. ಅದೇ ಡಿ.ಇ.ಎಸ್. ಗರ್ಭಸ್ರಾವಕ್ಕೆ ಹಾರ್ಮೋನಿನ ಕೊರತೆಯೇ ಕಾರಣವೆಂದು ನಂಬಿದ ಬಾಸ್ಟನ್ನಿನ ಜಾರ್ಜ್ ಮತ್ತು ಆಲಿವ್ ಸ್ಮಿತ್ ದಂಪತಿಗಳು, 1940ರ ದಶಕದಲ್ಲಿ ಅದನ್ನು ಗರ್ಭಿಣಿಯರಿಗೆ ಕೊಡಬೇಕೆಂದು ಪ್ರತಿಪಾದಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ತಕ್ಕ ಪರೀಕ್ಷೆ ಮಾತ್ರ ನಡೆದಿರಲಿಲ್ಲ.

1953ರಲ್ಲಿ ಷಿಕಾಗೋದ ವಿಲಿಯಂ ಡೀಕ್‌ಮನ್ ಅವರ ತಂಡ ಅಂಥ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಸುಮಾರು 1,600 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಡಿ.ಇ.ಎಸ್., ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಔಷಧದಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ತಮಗೆ ತಿಳಿಸದೆಯೇ ಈ ಪ್ರಯೋಗ ನಡೆಸಲಾಯಿತೆಂದು ಅವರಲ್ಲಿ ಕೆಲವರು ಮುಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಹೀಗೆ ದೊರೆತ ಸತ್ಯವನ್ನೂ ಅನೇಕ ವೈದ್ಯರು ಕಡೆಗಣಿಸಿದರು. ಮಾತ್ರೆ ಇನ್ನೂ 18 ವರ್ಷ ನಡೆಯಿತು.

1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್‌ಸ್ಟ್ ಮತ್ತು ಸಹೋದ್ಯೋಗಿಗಳು, ಎಳೆಯ ವಯಸ್ಸಿನಲ್ಲಿ ಬರುವುದೇ ಅಪರೂಪವಾದ ಯೋನಿಯ ಕ್ಯಾನ್ಸರಿಗೆ ತುತ್ತಾದ 8 ಮಂದಿಯನ್ನು ಕುರಿತು ಬರೆದರು. ಅವರಲ್ಲಿ 7 ಮಂದಿಯ ತಾಯಂದಿರು ಗರ್ಭಿಣಿಯರಾಗಿದ್ದಾಗ ಡಿ.ಇ.ಎಸ್. ಸೇವಿಸಿದ್ದರು. ಮಗುವನ್ನು ಉಳಿಸಿಕೊಳ್ಳಲೆಂದು ನುಂಗಿದ ಮಾತ್ರೆ ಮಗಳಿಗೇ ಮುಳುವಾಗಿತ್ತು. ಅದೇ ವರ್ಷ ಗರ್ಭಿಣಿಯರಿಗೆ ಇದನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು.

ಹಾಗೆಂದು ಸಂಶೋಧನೆಯನ್ನೇ ಶಂಕಿಸಬೇಕೆ? ಖಂಡಿತ ಬೇಡ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್, ರಕ್ತ ಹೆಪ್ಪುಗಟ್ಟುವ ಒಂದು ದೋಷಕ್ಕೂ ಪದೇ ಪದೇ ಆಗುವ ಗರ್ಭಸ್ರಾವಕ್ಕೂ ಇರುವ ನಂಟನ್ನು ವಿವರಿಸಿದರು. ಅಂಥ 90 ಮಹಿಳೆಯರ ಮೇಲೆ ಲಂಡನ್ನಿನಲ್ಲೇ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ಮಾತ್ರ ಪಡೆದವರಲ್ಲಿ ಶೇಕಡಾ 42 ಮಂದಿಗೆ ಜೀವಂತ ಮಗು ಜನಿಸಿದರೆ, ಹೆಪಾರಿನ್ ಸಹ ಪಡೆದವರಲ್ಲಿ ಶೇಕಡಾ 71 ಮಂದಿಗೆ ಆ ಭಾಗ್ಯ ಒದಗಿತು.

ಕಾರಣವೇ ತಿಳಿಯದ ಗರ್ಭಸ್ರಾವಗಳ ಮಾತೇನು? ಅಂಥ 836 ಮಹಿಳೆಯರಲ್ಲಿ ಪ್ರೊಜೆಸ್ಟರಾನ್ ಹಾರ್ಮೋನನ್ನು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಬೆಳಕು ಕಂಡಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹುಸಿ ಔಷಧ ಪಡೆದವರಲ್ಲೂ ಶೇಕಡಾ 63ರಷ್ಟು ಮಂದಿ ಜೀವಂತ ಮಗುವನ್ನು ಹೆತ್ತರು! ಇದು ನಿರಾಶೆಯ ಸುದ್ದಿಯಲ್ಲ.

ಆದುದರಿಂದ ಪ್ರಿಯರೇ, ಇಂಥ ತಾಯಿ ನಿಮ್ಮ ಮನೆಯಲ್ಲಿದ್ದರೆ 'ಭಾರ ಎತ್ತಿದೆ, ಪಯಣ ಮಾಡಿದೆ' ಎಂದು ಅವಳ ಮೇಲೆ ತಪ್ಪು ಹೊರಿಸದಿರಿ. ಯಾರೋ ಹೇಳಿದ ಮದ್ದನ್ನು ಅವಳ ಕೈಗಿಡುವ ಮೊದಲು 'ಇದನ್ನು ಪರೀಕ್ಷಿಸಿ ನೋಡಿದ್ದಾರೆಯೇ?' ಎಂದು ವೈದ್ಯರನ್ನು ಕೇಳಿರಿ. ಹಾಗೆ ಕೇಳುವುದು ಅಪನಂಬಿಕೆಯಲ್ಲ; ಅದೂ ಪ್ರೀತಿಯೇ.