ಲೈಸೆನ್ಸ್ ಇಲ್ಲದ ಬಂದೂಕು, ಆತ್ಮರಕ್ಷಣೆಯ ವಾದ: ಕಾನೂನು ಏನನ್ನುತ್ತೆ?

ಗುಂಡೇಟಿಗೆ ಒಬ್ಬ ಸತ್ತ ಸುದ್ದಿ ಬಂದ ಕೂಡಲೇ ಎರಡು ತೀರ್ಪು ಹೊರಬೀಳುತ್ತವೆ. ‘ಜೀವ ಉಳಿಸಿಕೊಳ್ಳೋಕೆ ಹೊಡೆದ, ತಪ್ಪೇನು?’ ಅಂತ ಒಂದು ಗುಂಪು. ‘ಬಂದೂಕಿಗೆ ಲೈಸೆನ್ಸೇ ಇಲ್ಲ, ಕೊಲೆಗಾರ ಅನ್ನೋಕೆ ಇನ್ನೇನು ಬೇಕು?’ ಅಂತ ಇನ್ನೊಂದು. ಯಾರು ಯಾವ ಗುಂಪು ಅನ್ನೋದನ್ನ ಎಷ್ಟೋ ಸಲ ಜಾತಿ, ಪಕ್ಷ ತೀರ್ಮಾನಿಸುತ್ತವೆ. ನನ್ನ ಪ್ರಕಾರ ಎರಡು ವಾದವೂ ದಾರಿ ತಪ್ಪಿಸುತ್ತವೆ. ಕಾನೂನಿನಲ್ಲಿ ಬಂದೂಕಿನ ಲೆಕ್ಕ ಬೇರೆ, ಸಾವಿನ ಲೆಕ್ಕ ಬೇರೆ.

ಆತ್ಮರಕ್ಷಣೆ ಎಲ್ಲಿಯವರೆಗೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು (ಹಳೆಯ ಐಪಿಸಿಯ 96ರಿಂದ 106) ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಆಯುಧಕ್ಕೆ ಪರವಾನಗಿ ಇರಬೇಕೆಂಬ ಷರತ್ತು ಅಲ್ಲೆಲ್ಲೂ ಇಲ್ಲ. ಕೋರ್ಟ್ ನೋಡುವುದು ಇಷ್ಟು: ಪ್ರಾಣಕ್ಕೆ ಕುತ್ತು ಎಂಬ ಸಕಾರಣ ಭಯ ಇತ್ತೇ? ಪೊಲೀಸರ ಮೊರೆ ಹೋಗಲು ಸಮಯ ಇತ್ತೇ? ಅಗತ್ಯಕ್ಕಿಂತ ಹೆಚ್ಚು ಹಾನಿ ಆಯಿತೇ?

ನಮ್ಮ ಗೋವಿಂದನಹಳ್ಳಿ ಕಡೆಯ ಕಲ್ಪಿತ ಉದಾಹರಣೆ ತಗೊಳ್ಳಿ. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋದ ರೈತ, ಪಂಪ್‌ಸೆಟ್ ಕೇಬಲ್ ಕದಿಯುತ್ತಿದ್ದವನನ್ನು ಕಂಡ. ಓಡುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹೊಡೆದರೆ ಅದು ರಕ್ಷಣೆ ಅಲ್ಲ. ದರೋಡೆ, ರಾತ್ರಿ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು, ಇಂಥ ಸಂದರ್ಭಗಳಲ್ಲಿ 41ನೇ ಸೆಕ್ಷನ್ ಪ್ರಾಣ ತೆಗೆಯುವವರೆಗೂ ಹಕ್ಕು ಕೊಡುತ್ತೆ. ಬರೀ ಕಳ್ಳತನಕ್ಕೆ ಕೊಡಲ್ಲ. ಅದೇ ಕಳ್ಳ ಮಚ್ಚು ಬೀಸುತ್ತಾ ಮೈಮೇಲೆ ಬಂದರೆ ಮಾತೇ ಬೇರೆ. ಆಗ ರೈತನ ಕೈಲಿದ್ದದ್ದು ಗುದ್ದಲಿಯೋ ಲೈಸೆನ್ಸಿಲ್ಲದ ನಾಡ ಬಂದೂಕೋ ಎಂಬುದರಿಂದ ಹಕ್ಕು ಹೋಗಲ್ಲ.

ಸದುದ್ದೇಶದಿಂದ, ಮೊದಲೇ ಸಂಚು ಮಾಡದೆ ಮಿತಿ ಮೀರಿದ್ದರೆ? ಅದು 103ರ ಕೊಲೆಯಲ್ಲ. 105ರ ‘ಕೊಲೆಯಲ್ಲದ ದಂಡನೀಯ ನರಹತ್ಯೆ’. ಶಿಕ್ಷೆ ಇದ್ದೇ ಇರುತ್ತೆ, ಗಲ್ಲು ಇರಲ್ಲ.

ಸಾಬೀತು ಮಾಡೋರು ಯಾರು?

ಹೊಣೆ ಆರೋಪಿಯದು. ಆದರೆ ಪ್ರಾಸಿಕ್ಯೂಷನ್‌ನಷ್ಟು ಗಟ್ಟಿ ಪುರಾವೆ ಬೇಕಿಲ್ಲ, ತನ್ನ ಮಾತು ಸಂಭವನೀಯ ಅಂತ ತೋರಿಸಿದರೆ ಸಾಕು. ಆರೋಪಿ ಈ ವಾದ ಎತ್ತದಿದ್ದರೂ, ಸಾಕ್ಷ್ಯದಲ್ಲಿ ಕಂಡರೆ ಕೋರ್ಟ್ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1968ರ ಮುನ್ಷಿ ರಾಮ್ ಪ್ರಕರಣದಲ್ಲೇ ಹೇಳಿದೆ.

ಹಾಗಾದರೆ ಬಂದೂಕು?

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದು ಪ್ರತ್ಯೇಕ ಅಪರಾಧ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ಆತ್ಮರಕ್ಷಣೆ ಅಂತ ಕೊಲೆ ಆರೋಪದಿಂದ ಖುಲಾಸೆ ಆದರೂ ಈ ಕೇಸು ತಾನಾಗಿ ಬಿದ್ದುಹೋಗಲ್ಲ. ಇದಕ್ಕೆ 39ನೇ ಸೆಕ್ಷನ್ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಅದಿಲ್ಲದೆ ಈ ಆರೋಪ ಬಿದ್ದರೂ ಕೊಲೆ ಕೇಸು ಬೀಳಲ್ಲ.

ಹಾಗಂತ ಅಕ್ರಮ ಬಂದೂಕಿಗೆ ಕೊಲೆ ವಿಚಾರಣೆಯಲ್ಲಿ ಮಹತ್ವವಿಲ್ಲ ಅಂತಲ್ಲ. ಅದನ್ನು ಯಾವಾಗ, ಯಾಕೆ ತಂದ ಎಂಬುದು ಸಂಚಿನ ಸುಳಿವಾಗಬಹುದು. ಎಂ.ಎಂ. ಕಲಬುರ್ಗಿ (2015), ಗೌರಿ ಲಂಕೇಶ್ (2017) ಇಬ್ಬರ ಹತ್ಯೆಗೂ ಒಂದೇ 7.65 ಎಂಎಂ ನಾಡ ಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿದ್ದು ನೆನಪಿರಲಿ.

ಅನುಮಾನ ಇದ್ದರೆ ಕೊಡಗಿನ ಕಡೆ ನೋಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಗುಂಡು ಹಾರಿ ಯಾರಾದರೂ ಸತ್ತರೂ ಕೇಳುವ ಪ್ರಶ್ನೆ ಇಲ್ಲಿನದ್ದೇ: ಆ ಕ್ಷಣದಲ್ಲಿ ಬೇರೆ ದಾರಿ ಇತ್ತಾ?