ನಾಳೆಗಾಗಿ ಏನನ್ನು ಬಿಟ್ಟು ಹೋಗುತ್ತೇವೆ?



ನಾಳೆಗಾಗಿ ಏನನ್ನು ಮುಂದೆ ಕಳುಹಿಸಿದ್ದೇವೆ ಎಂದು ನೋಡಿಕೊಳ್ಳಲು ಸೂರಃ ಅಲ್-ಹಶ್ರ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆದೇಶಿಸಿದ್ದಾನೆ. ಗೈಬ್‌ನ ಜ್ಞಾನ ಅವನೊಬ್ಬನಿಗೇ ಇದೆ. ಆದರೆ ಗತಿಸಿದವರಿಂದ ಪಾಠ ಕಲಿಯುವುದು ನಮ್ಮ ಹೊಣೆ. ನಮ್ಮ ಸಿಂಧನೂರು ಸೀಮೆಯ ಚರಿತ್ರೆಯಲ್ಲಿಯೂ ಅಂಥ ಪಾಠವಿದೆ.

1945ರ ಫೆಬ್ರವರಿಯಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ ಈ ದಡದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವಿತ್ತು, ಆ ದಡದಲ್ಲಿ ಬ್ರಿಟಿಷರ ಮದ್ರಾಸ್ ಪ್ರಾಂತವಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ನಿಜಾಮರ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ಅಧಿಕಾರ ಹೋಯಿತು, ಕೆಲಸ ಉಳಿಯಿತು.

ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿದರು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತರಿಗೆ ಸರಕಾರ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆ ಕೊಟ್ಟಿತು. ಬೇರೆ ಬೇರೆ ಭಾಷೆ, ಧರ್ಮದ ಜನ ಒಂದೇ ಕಾಲುವೆಯ ನೀರಿನಲ್ಲಿ ಬದುಕು ಕಟ್ಟಿಕೊಂಡೆವು. ಇದು ಅಲ್ಲಾಹನ ಕೃಪೆ.

ನೀರು ಬರುವುದನ್ನು ಎಲ್ಲರೂ ಕಂಡರು. ಅದರ ಹಿಂದೆ ಏನು ಬರುತ್ತದೆಂದು ಕಂಡವರು ಕಡಿಮೆ. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರು ಭತ್ತ ಹೆಚ್ಚಿಸಿದಂತೆ ಕೊನೆ ಭಾಗದವರ ಹೊಲ ಒಣಗಿತು. ನೀರು ನಿಂತಲ್ಲಿ ಭೂಮಿ ಸವುಳಾಯಿತು. ಜಲಾಶಯದಲ್ಲಿ ಹೂಳು ತುಂಬುತ್ತಾ ಬಂತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗ ನಮ್ಮ ಅನ್ನ ಎಷ್ಟು ಸಣ್ಣ ಸರಪಳಿಗೆ ತೂಗಿಕೊಂಡಿದೆ ಎಂದು ತಿಳಿಯಿತು.

ಪ್ರವಾದಿ ಯೂಸುಫ್(ಅ) ಬರಗಾಲ ಬರುವುದನ್ನು ಹೇಳಿ ಸುಮ್ಮನಾಗಲಿಲ್ಲ. ಸಮೃದ್ಧಿಯ ಏಳು ವರ್ಷಗಳಲ್ಲೇ ಕಾಳನ್ನು ತೆನೆಯಲ್ಲಿ ಉಳಿಸಿ, ಅಳೆದು ಉಣ್ಣುವುದನ್ನು ಕಲಿಸಿದರು. ಮದೀನಾದ ಮಹ್ಝೂರ್ ಹಳ್ಳದ ನೀರಿನ ವಿಷಯದಲ್ಲಿ ನಮ್ಮ ಪ್ರವಾದಿ(ಸ)ರವರ ತೀರ್ಪು ಸ್ಪಷ್ಟವಾಗಿದೆ: ಮೇಲಿನ ಹೊಲದವನು ನೀರು ಕಾಲಿನ ಗಂಟಿನವರೆಗೆ ನಿಂತ ಮೇಲೆ ಕೆಳಗಿನವನಿಗೆ ಬಿಡಬೇಕು. ಕೊನೆ ಭಾಗದ ರೈತ ಯಾವ ಧರ್ಮದವನೇ ಆಗಲಿ, ಅವನ ಪಾಲು ಅವನ ಹಕ್ಕು.

ಆದ್ದರಿಂದ ವುಝೂ ಮಾಡುವಾಗ ನಲ್ಲಿ ಸಣ್ಣಗೆ ತಿರುಗಿಸೋಣ. ಬೇಸಿಗೆಯ ಬೆಳೆಯಲ್ಲಿ ಒಂದು ಭಾಗವನ್ನಾದರೂ ಜೋಳ, ಕಡಲೆಗೆ ಬಿಡೋಣ. ತೂಬಿನ ನೀರನ್ನು ಜಗಳವಿಲ್ಲದೆ ಹಂಚೋಣ. ಕೊಯ್ಲಿನ ಯಂತ್ರ ಕೂಲಿಯವರ ಕೈಯ ಕುಡುಗೋಲನ್ನು ಕಸಿದುಕೊಂಡಿದೆ. ಅವರ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ವಿದ್ಯೆ ಕೊಡಿಸೋಣ.

ಮೂವತ್ತು ವರ್ಷದ ನಂತರ ನಮ್ಮ ಮೊಮ್ಮಕ್ಕಳು ಇದೇ ಕಾಲುವೆಯ ದಂಡೆಯಲ್ಲಿ ನಿಂತು ನಮಗಾಗಿ ದುಆ ಮಾಡುವಂತಾಗಲಿ. ಅಲ್ಲಾಹನು ಅನುಗ್ರಹಿಸಲಿ. ಆಮೀನ್.