ಬೇಕರಿ ತಿನಿಸಿನಲ್ಲಿ ಬೆರೆತಿರುವುದೇನು?

ಗದಗ: ರೋಣ, ನರಗುಂದ, ಗಜೇಂದ್ರಗಡದಂತಹ ಪಟ್ಟಣಗಳಲ್ಲಿ ಚಹಾದ ಜತೆಗೆ ಖಾರಿ, ಟೋಸ್ಟ್, ಬನ್ ಸವಿಯುವುದು ರೂಢಿ. ಒಣಗಿಸಿದ ಕಡಕ್ ರೊಟ್ಟಿಯಂತೆ ತೇವಾಂಶವಿಲ್ಲದ ಟೋಸ್ಟ್ ಬೇಗ ಕೆಡದು. ಮೆದುವಾದ ಬ್ರೆಡ್ ಹಾಗಲ್ಲ, ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಅದನ್ನು ತಡೆಯಲು ಕ್ಯಾಲ್ಸಿಯಂ ಪ್ರೊಪಿಯೊನೇಟ್ (ಐಎನ್‌ಎಸ್ 282) ಬೆರೆಸಲಾಗುತ್ತದೆ. ನಿಗದಿತ ಪ್ರಮಾಣದಲ್ಲಿ ಇದು ಸುರಕ್ಷಿತವೆಂದೇ ಪರಿಗಣಿತ. ಅಡುಗೆ ಸೋಡಾ (500), ಲೆಸಿಥಿನ್ (322) ಕುರಿತೂ ಆತಂಕ ಅನಗತ್ಯ.

ವಿವಾದಕ್ಕೆ ಗುರಿಯಾದದ್ದು ಪೊಟ್ಯಾಸಿಯಂ ಬ್ರೋಮೇಟ್. ಕಣಕಕ್ಕೆ ಬಿಗಿ ನೀಡಿ ಬ್ರೆಡ್ ಚೆನ್ನಾಗಿ ಉಬ್ಬುವಂತೆ ಮಾಡುವ ಈ ರಾಸಾಯನಿಕ ಬೇಯುವಾಗ ನಿರುಪದ್ರವಿ ಬ್ರೋಮೈಡ್ ಆಗಬೇಕು. ಪ್ರಮಾಣ ಹೆಚ್ಚಾದರೆ ಅಥವಾ ಬೇಯುವುದು ಸಾಲದಾದರೆ ಶೇಷ ಉಳಿಯುತ್ತದೆ. ಪ್ರಾಣಿಗಳಲ್ಲಿ ಮೂತ್ರಪಿಂಡದ ಗಡ್ಡೆ ಕಂಡುಬಂದ ಕಾರಣ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೂ ಕ್ಯಾನ್ಸರ್‌ಕಾರಕವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 38 ಬ್ರೆಡ್, ಪಾವ್, ಬನ್ ಮಾದರಿಗಳನ್ನು ಪರೀಕ್ಷಿಸಿ, ಶೇ 84ರಲ್ಲಿ ಬ್ರೋಮೇಟ್ ಅಥವಾ ಅಯೋಡೇಟ್ ಅಂಶವಿದೆ ಎಂದಿತು. ಮರುತಿಂಗಳೇ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟ್ ಬಳಕೆಯನ್ನು ನಿಷೇಧಿಸಿತು.

ಬಿಸ್ಕತ್ತಿನ ಕಣಕವನ್ನು ಸಡಿಲಗೊಳಿಸುವ ಸೋಡಿಯಂ ಮೆಟಾಬೈಸಲ್ಫೈಟ್ (223) ಅಸ್ತಮಾ ರೋಗಿಗಳಲ್ಲಿ ಕೆಲವರಿಗೆ ಉಸಿರಾಟದ ತೊಂದರೆ ತರಬಲ್ಲದು.

ಕೇಕ್‌ನ ಬಣ್ಣದ ಕಥೆ ಬೇರೆ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ ಮೊದಲಾದವು ಅನುಮತಿ ಪಡೆದ ಬಣ್ಣಗಳೇ. ಮಿತಿ ಮಾತ್ರ ಕಿಲೊಗೆ 100 ಮಿಲಿಗ್ರಾಂ. 2024ರಲ್ಲಿ ಬೆಂಗಳೂರಿನ ಬೇಕರಿಗಳಿಂದ ಪಡೆದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ರಾಜ್ಯ ಆಹಾರ ಸುರಕ್ಷತಾ ಇಲಾಖೆ ತಿಳಿಸಿತ್ತು. ಇಂತಹ ಕೆಲವು ಬಣ್ಣಗಳಿಗೂ ಮಕ್ಕಳ ಅತಿಚಟುವಟಿಕೆಗೂ ನಂಟಿರಬಹುದೆಂದು 2007ರ ಬ್ರಿಟನ್ ಅಧ್ಯಯನವೊಂದು ಸೂಚಿಸಿದ ಬಳಿಕ, ಐರೋಪ್ಯ ಒಕ್ಕೂಟ 2010ರಿಂದ ಪೊಟ್ಟಣದ ಮೇಲೆ ಎಚ್ಚರಿಕೆ ಕಡ್ಡಾಯಗೊಳಿಸಿತು.

ಸೇರ್ಪಡೆ ಪದಾರ್ಥಗಳ ಪಟ್ಟಿಯಲ್ಲಿ ಬಾರದಿದ್ದರೂ ಖಾರಿ, ಪಫ್‌ಗಳ ವನಸ್ಪತಿಯನ್ನು ಮರೆಯುವಂತಿಲ್ಲ. ಅದರ ಟ್ರಾನ್ಸ್ ಕೊಬ್ಬು ಹೃದ್ರೋಗಕ್ಕೆ ದಾರಿ. 2022ರ ಜನವರಿಯಿಂದ ಇದರ ಮಿತಿ ಶೇ 2.

ಪೊಟ್ಟಣದಲ್ಲಾದರೆ ಸಂಖ್ಯೆ ಓದಬಹುದು. ಬಿಡಿಯಾಗಿ ತೂಗಿ ಕೊಡುವ ತಿನಿಸಿಗೆ ಆ ಅನುಕೂಲವಿಲ್ಲ. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಂ ಪ್ರಕಾರ, ಕೊಳ್ಳುವಾಗಲೇ ಮಾರಾಟಗಾರರಿಗೆ ತಿಳಿಸಿ, ಶುಲ್ಕ ತೆತ್ತು ಗ್ರಾಹಕರೇ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ಹಿಂತಿರುಗುತ್ತದೆ.